ಜಾಲಿ ಚಕ್ಕೆಯ ನೀರು

ಮೂರು ಬಳೆ ಸಲೀಸಾಗಿ ಏರಿದವು. ನಾಲ್ಕನೆಯದು ಗೆಣ್ಣಿನ ಮೇಲೆ ಬಂದಾಗ ಬಳೆಗಾರ ಚಮನಸಾಬನ ಹೆಬ್ಬೆರಳು ಜಾರಿತು. ಬಳೆ ಚಟ್ಟೆಂದು ಒಡೆದು, ಶಾರವ್ವನ ಹಿಂಗೈ ಮೇಲೆ ಸಾಸಿವೆಯಷ್ಟು ರಕ್ತ ಮೂಡಿತು. ಹುಡುಗಿ ಹಾ ಅನ್ನಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ಮಾತು ಮಾತ್ರ ಒಮ್ಮೆಲೆ ನಿಂತಿತು. ಶಾರವ್ವ ಚೊಚ್ಚಲ ಬಸುರಿ. ಅಂದು ಅವಳ ಕುಬಸ, ಸೀಮಂತದ ಶಾಸ್ತ್ರ. ಹಸಿರು ಬಳೆ ಒಡೆಯಬಾರದ ದಿನ.

ಶಾರವ್ವನ ತಾಯಿ ಹನಮವ್ವ ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು. ಅವಳ ಗಂಡ ಯಂಕಪ್ಪನಿಗೆ ಹುನಗುಂದದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಆ ಮನೆಯ ಹೆಂಗಸರಿಗೆ ಬಳೆ ಇಡುವುದು ಚಮನಸಾಬನ ಅಪ್ಪನ ಕಾಲದಿಂದ ನಡೆದು ಬಂದದ್ದು.

"ಕೈ ತೋರ್ಸು ನಿಂದು," ಅಂದಳು.

ಅವನು ತೋರಿಸಿದ. ಈಗತಾನೇ ಧೋತರಕ್ಕೆ ಒರೆಸಿಕೊಂಡಿದ್ದ ಅಂಗೈಗಳಲ್ಲಿ ಗೆರೆಗುಂಟ ನೀರು ಮತ್ತೆ ಹೊಳೆಯುತ್ತಿತ್ತು.

"ಇದೇನು ಕೈಯೋ, ನೀರು ಒಸರೂ ವರತಿಯೋ? ನಿಮ್ಮಪ್ಪನ ಕೈ ಹಿಂಗಿರ್ಲಿಲ್ಲ. ಹುಡುಗ್ಯಾರು ನಿನ್ನ ಕೈಯಾಗ ಕೈ ಕೊಡಾಕ ಹೇಸ್ತಾರ, ನಿನಗ ಯಾರೂ ಹೇಳಿಲ್ಲ ಅಷ್ಟ. ಕೈ ಒಣಗೂತನಕಾ ಈ ಕಡೆ ಬರಬ್ಯಾಡ, ಸಾಬ."

"ಆತ್ರಿ ಅವ್ವಾರ," ಎಂದು ಚಮನಸಾಬ ಬಳೆಯ ಮಲಾರವನ್ನು ಹೆಗಲಿಗೇರಿಸಿದ. ಹನಮವ್ವನ ಮನೆಯ ಮಾತು ಓಣಿ ಸುತ್ತಲು ತಡವಾಗಲಿಲ್ಲ. ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ಇಳಕಲ್ಲಿನ ಬಳೆಗಾರನನ್ನು ಕರೆಸಿಕೊಳ್ಳತೊಡಗಿದವು.

ಅವನ ಹೆಂಡತಿ ಅಬೇದಾ ಸಂಗತಿ ಕೇಳಿ ಮೊದಲು ನಕ್ಕಳು. ಆಮೇಲೆ ಎದ್ದುಹೋಗಿ ಹಳ್ಳದ ದಂಡೆಯ ಜಾಲಿ ಮರದಿಂದ ಉಡಿ ತುಂಬ ಚಕ್ಕೆ ಕೆತ್ತಿ ತಂದಳು. ಅದನ್ನು ಜಜ್ಜಿ, ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುವ ತನಕ ಕುದಿಸಿ, ಪಟಿಕದ ಹರಳು ಹಾಕಿ ಕರಗಿಸಿದಳು. ಅವಳ ಅಜ್ಜಿ ಕಲಿಸಿದ್ದ ಔಷಧ ಅದು.

"ಎಷ್ಟ ದಿವ್ಸ ಇದು?" ಅಂದ ಚಮನಸಾಬ.

"ಒಣಗೂತನಕಾ."

ದಿನಾ ಸಂಜೆ ನಮಾಜು ಮುಗಿಸಿ ಬಂದೊಡನೆ ಆ ನೀರು ತುಂಬಿದ ಅಗಲ ಪರಾತದ ಮುಂದೆ ಕೂಡಬೇಕು. ಬಿಸಿ ಇಳಿದ ನೀರಿನಲ್ಲಿ ಎರಡೂ ಕೈ ಮುಳುಗಿಸಬೇಕು. ಪಟಿಕ ಬೆರಳ ಸಂದಿಗೆ ಉರಿಯುತ್ತಿತ್ತು. ಅವನು ಎತ್ತಿಬಿಡುತ್ತಾನೆಂದು ಅಬೇದಾ ಎದುರಿಗೆ ಕೂತು, ಅವನ ಮಣಿಕಟ್ಟುಗಳನ್ನು ನೀರೊಳಗೇ ಒತ್ತಿ ಹಿಡಿಯುತ್ತಿದ್ದಳು. ಹೀಗಾಗಿ ಅವಳ ಕೈಯೂ ಕಂದು ತಿರುಗಿದವು.

ಮೊದಮೊದಲು ಚರ್ಮ ಬಿಗಿದು ಗೆಣ್ಣು ಬಿರಿದದ್ದಷ್ಟೇ ಬಂತು. ಬೆಳಗಾದರೆ ಬೆವರು ಇದ್ದಲ್ಲೇ ಇತ್ತು.

"ಬಿಡು ಇನ್ನ. ಇದು ಹೋಗೂದಲ್ಲ. ನಾ ಬ್ಯಾರೆ ದಂಧೆ ನೋಡ್ತೇನಿ."

"ಯಾವ ದಂಧೆ? ಹೊರಸು ಹೆಣಿತಿಯೇನು? ಹಗ್ಗಾನೂ ಜಾರ್ತೈತಿ," ಎಂದು ಅವಳು ಮತ್ತೆ ಚಕ್ಕೆ ಜಜ್ಜಲು ಕೂತಳು.

ಮಳೆಗಾಲ ಹಿಂದಾಗುತ್ತಿದ್ದಂತೆ ಪೇಟೆಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಬಾಗಲಕೋಟೆಯ ಕಡೆಯಿಂದ ಬಂತೆಂದರು. ಜನ ಬಾಗಿಲಿಗೆ ಬೀಗ ಜಡಿದು, ಗಂಟುಮೂಟೆ ಹೊತ್ತು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇವರೂ ಹಳ್ಳದ ಆಚೆ ನಾಲ್ಕು ಕೋಲು ನೆಟ್ಟು ಜೋಳದ ಕಣಕಿ ಹೊದಿಸಿದರು. ಅಬೇದಾ ಪರಾತವನ್ನೂ ಚಕ್ಕೆಯ ಚೀಲವನ್ನೂ ಮರೆಯದೆ ತಂದಿದ್ದಳು.

ಗುಡಿಸಲಿಗೆ ಬಂದ ಮೇಲೂ ಪ್ಲೇಗು ಬಿಡಲಿಲ್ಲ. ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ನೆರೆಗುಡಿಸಲಿನವರು ತಮ್ಮ ಕೋಲು ಕಿತ್ತುಕೊಂಡು ದೂರ ಹೋದರು. ಮಧ್ಯಾಹ್ನದ ಬಿಸಿಲಿನಲ್ಲಿ ಕಣಕಿಯ ಸೂರು ಕಾದಿತ್ತು. ಚಮನಸಾಬ ಅವಳ ಹಣೆಯ ಮೇಲೆ ಕೈ ಇಟ್ಟ.

"ತಂಪೈತಿ ನಿನ್ನ ಕೈ," ಅಂದಳು. "ಹಂಗ ಇಡು."

ಬಹಳ ಹೊತ್ತಿನ ಮೇಲೆ ಮತ್ತೆ ಬಾಯಿ ತೆರೆದಳು. "ನೀರಾಗ ಇಟ್ಟಿಯೇನ ನಿನ್ನೆ?"

"ಬಿಡ ಅದನ್ನ ಈಗ."

"ಬಿಡಬ್ಯಾಡ. ನಡಕ ಬಿಟ್ರ ಮತ್ತ ಮೊದಲಿಂದ ಸುರು ಆಗ್ತೈತಿ."

ಅವಳ ಸಮಾಧಾನಕ್ಕೆಂದು ಪರಾತವನ್ನು ಹಾಸಿಗೆಯ ಬದಿಗೆ ಎಳೆದುಕೊಂಡ. ತಣ್ಣಗಿನ ಹಳೇ ನೀರಿನಲ್ಲಿ ಎಡಗೈ ಮುಳುಗಿಸಿ, ಬಲಗೈಯನ್ನು ಅವಳ ಹಣೆಯ ಮೇಲೆಯೇ ಬಿಟ್ಟ. ಅವಳು ಕಣ್ಣು ಮುಚ್ಚಿದಳು. ಬಿಸಿಲು ಗುಡಿಸಲಿನ ಬಾಗಿಲಿಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಯಾವ ಕೈ ಎಲ್ಲಿತ್ತು ಎಂಬುದು ಅವನಿಗೆ ಆಮೇಲೂ ನೆನಪಿತ್ತು. ತನಗೆ ಏನನ್ನಿಸಿತು ಎಂಬುದು ನೆನಪಿರಲಿಲ್ಲ. ಮಣ್ಣು ಮಾಡಲು ಬಂದವರು ನಾಲ್ಕೇ ಜನ. ಅವರೆದುರಿಗೆ ಅಳು ಬರಲಿಲ್ಲ, ಅವರು ಹೋದ ಮೇಲೂ ಬರಲಿಲ್ಲ.

ಮರುದಿನ ಸಂಜೆ ನೋಡಿದರೆ ಒಲೆ ಹೊತ್ತಿಸಿ ಅವನು ಚಕ್ಕೆ ಕುದಿಸುತ್ತಿದ್ದ. ಅದರ ಮರುದಿನವೂ ಕುದಿಸಿದ. ಚೀಲ ಖಾಲಿಯಾದಾಗ ಹಳ್ಳದ ದಂಡೆಗೆ ಹೋಗಿ ಕೆತ್ತಿ ತಂದ. ಅಬೇದಾಳ ತಾಯಿ ರಂಜಾನಬಿ ಸುದ್ದಿ ತಿಳಿದು ಇಳಕಲ್ಲಿನಿಂದ ನಡೆದುಬಂದವಳು, ಅಳಿಯ ಪರಾತದ ಮುಂದೆ ಕೂತದ್ದನ್ನು ನೋಡಿ ಹಣೆ ಬಡಿದುಕೊಂಡಳು.

"ಹುಚ್ಚ ಹಿಡದೈತೇನೋ ನಿನಗ? ಊರ ತುಂಬ ಬಳಿ ಒಡ್ಯಾಕತ್ತಾರ. ಇಡಸ್ಕೊಳ್ಳಾವ್ರು ಯಾರದಾರ? ಯಾತಕ್ಕ ಬೇಕ ಈ ಒಣಾ ಕೈ?"

"ಬಿಡಬ್ಯಾಡ ಅಂದಾಳ ಆಕಿ."

"ಎಲ್ಲಿದಾಳೋ ಈಗ ಆಕಿ!" ಎಂದು ಮುದುಕಿ ನೆಲಕ್ಕೆ ಕುಸಿದಳು. ಅವಳ ಅಳು ಅವನಿಗೆ ಆಚೆ ದಂಡೆಯಲ್ಲಿ ಯಾರೋ ಅತ್ತಂತೆ ಕೇಳುತ್ತಿತ್ತು. ಈಗ ಮಣಿಕಟ್ಟು ಒತ್ತಿ ಹಿಡಿಯುವವರಿರಲಿಲ್ಲ. ಆದರೂ ಕೈ ಎತ್ತಲಿಲ್ಲ. ಬಿರಿದ ಗೆಣ್ಣುಗಳಿಗೆ ಪಟಿಕ ತಾಗಿದ್ದೂ ತಿಳಿಯುತ್ತಿರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡವನು ಕೈ ಕೊಡವಿದ. ಯಾವಾಗಲೂ ಅಂಗೈಗೆ ಮೆತ್ತಿಕೊಳ್ಳುತ್ತಿದ್ದ ಹಿಟ್ಟು ಬೂದಿಯಂತೆ ಉದುರಿಹೋಯಿತು. ಅವನು ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದ. ಒಣಗಿತ್ತು. ಯಾರಿಗಾದರೂ ಹೇಳಬೇಕೆನ್ನಿಸಲಿಲ್ಲ. ನೀರು ಹಾಕಿ ಹಿಟ್ಟು ಕಲಸಿ ರೊಟ್ಟಿ ಬಡಿದ.

ಉಗಾದಿ ಹತ್ತಿರ ಬಂದಾಗ ಜನ ಊರಿಗೆ ಮರಳಿದರು. ಶಾರವ್ವ ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಾಳೆಂದೂ, ಬಳೆ ಇಡಲು ಇಳಕಲ್ಲಿನವನು ಇನ್ನಿಲ್ಲವೆಂದೂ ಹೇಳಿ ಹನಮವ್ವ ಕರೆಕಳಿಸಿದಳು.

ಬಾಗಿಲು ತೆರೆದವಳು ಅವಳೇ. ಹಣೆ ಬೋಳಾಗಿತ್ತು, ಕೈಯೂ ಬೋಳಾಗಿದ್ದವು. ಯಂಕಪ್ಪ ಹೊಲದ ಗುಡಿಸಲಿನಲ್ಲೇ ತೀರಿಕೊಂಡಿದ್ದ. ಚಮನಸಾಬ ತಲೆ ತಗ್ಗಿಸಿ ಒಳಗೆ ಹೋಗಿ, ಪಡಸಾಲೆಯಲ್ಲಿ ಮಲಾರ ಬಿಚ್ಚಿದ. ಶಾರವ್ವನ ಕೈ ಬಾಣಂತನದಲ್ಲಿ ತುಂಬಿಕೊಂಡಿದ್ದವು. ಗೆಣ್ಣು ಅದುಮಿ, ಹೆಬ್ಬೆರಳು ಮಡಚಿ, ಒಂದೊಂದೇ ಏರಿಸಿದ. ಒಂದೂ ಒಡೆಯಲಿಲ್ಲ.

"ಕೈ ಒಣಗ್ಯಾವಲ್ಲೋ ಸಾಬ," ಅಂದಳು ಹನಮವ್ವ. "ಯಾರು ಕೊಟ್ರು ಔಷಧ?"

"ನಮ್ಮ ಮನ್ಯಾಕಿರಿ."

"ಆರಾಮ ಅದಾಳಿಲ್ಲ?"

"ಹೋದ್ಲ್ರಿ. ಗುಡಿಸಲದಾಗ."

ಒಳಗೆ ಕೂಸು ಅತ್ತಿತು. ಶಾರವ್ವ ಬಳೆ ಸದ್ದು ಮಾಡುತ್ತ ಎದ್ದು ಹೋದಳು.

ಮಗಳಿಗಾದ ಮೇಲೆ ತಾಯಿಯ ಪಾಳಿ. ಎಷ್ಟೋ ವರ್ಷಗಳಿಂದ ಹಾಗೇ ನಡೆದಿತ್ತು. ಹನಮವ್ವ ಎಲ್ಲಿಯದೋ ಲಕ್ಷ್ಯದಲ್ಲಿ ಮಗಳು ಎದ್ದ ಜಾಗದಲ್ಲಿ ಕೂತು ಕೈ ಚಾಚಿದಳು. ಅವನೂ ಅಷ್ಟೇ ರೂಢಿಯಿಂದ ಆ ಕೈ ಹಿಡಿದು, ಗೆಣ್ಣುಗಳನ್ನು ಮೆಲ್ಲಗೆ ಅದುಮಿ ಸಡಿಲಿಸತೊಡಗಿದ. ಇನ್ನೊಂದು ಕೈ ಮಲಾರದ ಕಡೆ ಹೋದಾಗ ಇಬ್ಬರಿಗೂ ತಿಳಿಯಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನೂ ಕೂಡಲೇ ಬಿಡಲಿಲ್ಲ. ಹೊರಗೆ ಯಾರೋ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕುಂಚ ಮೇಲಕ್ಕೂ ಕೆಳಕ್ಕೂ ಎಳೆದ ಸದ್ದು ಪಡಸಾಲೆಗೆ ಕೇಳುತ್ತಿತ್ತು.