ತಂತಿಗೆ ಕಿವಿಗೊಟ್ಟ ಫರ್ಗಸ್

ಟೆಲಿಫೋನನ್ನು ಕಿವಿಗಿಟ್ಟುಕೊಂಡ ಕೂಡಲೇ ಫರ್ಗಸ್ ಗಿಲ್‌ಕ್ರಿಸ್ಟ್ ಕಣ್ಣು ಮುಚ್ಚುತ್ತಿದ್ದ. ಮಾತನಾಡುವುದಕ್ಕಲ್ಲ, ಕೇಳುವುದಕ್ಕೆ, ಆ ಕಡೆ ಯಾರೂ ಇಲ್ಲದಾಗ ತಂತಿ ಒಂದೇ ಸಮನೆ ಬಿಡುವ ಉಸಿರನ್ನು ಕೇಳುವುದಕ್ಕೆ. ತಲೆಯನ್ನು ಎಡಕ್ಕೆ ವಾಲಿಸಿ, ಕೆಳತುಟಿಯನ್ನು ಮುಂದೆ ಚಾಚಿ, ಶ್ರುತಿ ಹಿಡಿಯುವ ಗಾಯಕನಂತೆ ಅವನು ನಿಂತುಬಿಟ್ಟರೆ ಅವನನ್ನು ಕರೆಸಿದ ಮನೆಯವರು ಕೆಟಲ್ಲಿನ ಕೆಳಗಿನ ಒಲೆಯನ್ನೂ ಆರಿಸಿ ಸುಮ್ಮನಾಗುತ್ತಿದ್ದರು. ಒಂದೆರಡು ನಿಮಿಷಗಳ ನಂತರ ಕಣ್ಣು ತೆರೆದು, "ಆಯ್ತಪ್ಪ" ಎನ್ನುತ್ತಿದ್ದ. ಆ ಒಂದು ಮಾತು ಬಂದರೆ ತಂತಿಯ ರೋಗ ಸಿಕ್ಕಿತೆಂದೇ ಅರ್ಥ.

ನ್ಯೂಜಿಲೆಂಡಿನ ದಕ್ಷಿಣ ತುದಿಯ ನಮ್ಮ ಗ್ಲೆನ್‌ಮೋರಿ ಕಣಿವೆಗೆ ಟೆಲಿಫೋನ್ ತಂತಿಯನ್ನು ಹೂತವನೇ ಅವನು. ಅರವತ್ತೆಂಟನೆಯ ಇಸವಿಯಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ನಾಲ್ವರು ಸಂಗಡಿಗರೊಡನೆ ಹದಿನೇಳು ಮೈಲಿ ಕಾಲುವೆ ತೋಡಿದ್ದ. ಟೆಲಿಫೋನ್ ಇಲಾಖೆ ಅವನನ್ನು ಮನೆಗೆ ಕಳಿಸಿ ಹತ್ತು ವರ್ಷವಾದರೂ ಅದು ಕೊಟ್ಟಿದ್ದ ಕಡುನೀಲಿ ಕೋಟನ್ನು ಅವನು ಬಿಟ್ಟಿರಲಿಲ್ಲ. ಎದೆಯ ಮೇಲಿನ ಹೆಸರಿನ ದಾರಗಳು ಕಿತ್ತುಹೋಗಿ, ಹೊಲಿಗೆಯ ತೂತುಗಳಷ್ಟೇ ಅಕ್ಷರಗಳಾಗಿ ಉಳಿದಿದ್ದವು. ನಡೆಯುವಾಗ ದಾರಿಯನ್ನು ನೋಡುತ್ತಿರಲಿಲ್ಲ. ಕಂಬವಿದ್ದಲ್ಲಿ ಕಂಬದ ತಲೆಯನ್ನು, ಕಂಬವಿಲ್ಲದಲ್ಲಿ ತಂತಿ ಹೂತ ನೆಲವನ್ನು ನೋಡುತ್ತ, ಕಾಲಿಗೆ ಸಿಕ್ಕಿದ್ದನ್ನೆಲ್ಲ ಎಡವುತ್ತ ಸಾಗುತ್ತಿದ್ದ.

ಎರಡು ಸಾವಿರದ ಒಂದರ ಹೊತ್ತಿಗೆ ಕಣಿವೆಯ ಅರ್ಧಕ್ಕರ್ಧ ಮನೆಗಳಿಗೆ ಕಂಪ್ಯೂಟರ್ ಬಂದಿತ್ತು. ಅದರ ಪಕ್ಕದಲ್ಲಿ ಟೆಲಿಫೋನ್ ತಂತಿಗೆ ಕಟ್ಟಿದ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ. ಅದು ಕೀರಲು ದನಿಯಲ್ಲಿ ಕೂಗಿ, ಕೆಮ್ಮಿ, ಹೇಗೋ ಪಟ್ಟಣವನ್ನು ಮುಟ್ಟುತ್ತಿತ್ತು, ಮುಟ್ಟಿದ ಐದು ನಿಮಿಷಕ್ಕೆ ಕೈಬಿಡುತ್ತಿತ್ತು. ಫರ್ಗಸ್‌ಗೆ ಮತ್ತೆ ಕರೆಗಳು ಬರತೊಡಗಿದವು. ಪಾದ್ರಿಯ ಮನೆಯಲ್ಲಿ ಕಾರ್ಪೆಟ್ಟಿನ ಅಡಿಯ ತಂತಿಯನ್ನು ಸಾಕಿದ ಮೊಲ ಕಡಿದಿತ್ತು. ಶಾಲೆಯ ಟೀಚರು ಮೋಡೆಮ್ಮಿನ ಅರಚಾಟ ತಾಳಲಾರದೆ ಟೀಪಾಟಿನ ಉಣ್ಣೆಯ ಮುಸುಕನ್ನು ಅದಕ್ಕೆ ತೊಡಿಸಿ, ಅದು ಬೆವರಿ ಬೆಂದುಹೋಗುವಂತೆ ಮಾಡಿದ್ದಳು. ಇಂಥವನ್ನೆಲ್ಲ ಅವನು ನಗದೆ ಸರಿಪಡಿಸುತ್ತಿದ್ದ, ಒಂದು ಕಪ್ ಚಹಾ ಕುಡಿದು ಹೊರಡುತ್ತಿದ್ದ.

ವಾಸಿಯಾಗದ ಕಾಯಿಲೆ ಒಂದೇ ಒಂದು. ಇಡೀ ಕಣಿವೆಯ ತಂತಿಯಲ್ಲಿ ಸೆಕೆಂಡಿಗೊಮ್ಮೆ ಸಣ್ಣಗೆ ಟಿಕ್ ಎನ್ನುವ ಸದ್ದು. ಮಾತನಾಡುವವರಿಗೆ ಅದೊಂದು ತೊಂದರೆಯೇ ಅಲ್ಲ. ಮೋಡೆಮ್‌ಗೆ ಮಾತ್ರ ಪ್ರತಿ ಟಿಕ್ಕೂ ತಲೆಯ ಮೇಲೊಂದು ಪೆಟ್ಟು. ಉಣ್ಣೆ ಕತ್ತರಿಸುವ ತಂಡದ ಮೇಸ್ತ್ರಿ ತಾಮತಿ ದಿನಾ ಬೆಳಗ್ಗೆ ಹವಾಮಾನದ ನಕ್ಷೆಗಾಗಿ ಕಾಯುತ್ತಿದ್ದ, ಏಕೆಂದರೆ ಒದ್ದೆಯಾದ ಕುರಿಯ ಮೈಗೆ ಕತ್ತರಿ ಹಾಕುವಂತಿಲ್ಲ. ನಕ್ಷೆ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಉತ್ತರ ದ್ವೀಪ ಪೂರ್ತಿ ಬಂದು, ನಡುವಿನ ಸಮುದ್ರವೂ ಬಂದು, ನಮ್ಮ ದ್ವೀಪದ ಹೆಗಲು ಕಾಣುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು.

"ಆಕ್ಲೆಂಡಲ್ಲಿ ಮಳೆ ಬರತ್ತೋ ಇಲ್ವೋ ನನ್ನ ಕೇಳು, ಹೇಳ್ತೀನಿ," ಎಂದು ತಾಮತಿ ರೇಗುತ್ತಿದ್ದ. "ಆದ್ರೆ ನನ್ನ ಕುರಿ ಇರೋದು ಇಲ್ಲಿ ಕಣಯ್ಯ!"

ಟಿಕ್ ಎನ್ನುವುದು ವಿದ್ಯುತ್ ಬೇಲಿಯ ನಾಡಿಬಡಿತವೆಂದು ಫರ್ಗಸ್‌ಗೆ ಕೇಳಿದ ಮೊದಲ ದಿನವೇ ತಿಳಿದಿತ್ತು. ಕುರಿ ಕಾಯುವ ಬೇಲಿಗೆ ಸೆಕೆಂಡಿಗೊಮ್ಮೆ ಮಿಡಿತ ಕೊಡುವ ಪೆಟ್ಟಿಗೆ ಪ್ರತಿ ಮನೆಯಲ್ಲೂ ಇತ್ತು. ಯಾರದೋ ಒಂದು ಸೋರುತ್ತಿದೆ. ಯಾರದು? ಚಿಕ್ಕ ರೇಡಿಯೊ ಒಂದನ್ನು ಹಿಡಿದು, ತನ್ನ ಗೇಟಿನಿಂದ ಹೊರಟು, ಮೂರು ದಿನ ಕಣಿವೆಯುದ್ದಕ್ಕೂ ಬೇಲಿಬೇಲಿಯ ಬದಿಯಲ್ಲಿ ಕಿವಿಗೊಟ್ಟು ನಡೆದ. ಐಲ್ಸಾ ಮಾಂಕ್ರೀಫ್‌ಳ ಹುಲ್ಲುಗಾವಲಿನ ಅಂಚಿನಲ್ಲಿ, ಮುಳ್ಳುಪೊದೆ ಬೇಲಿಯ ತಂತಿಗೆ ತಾಗುವಲ್ಲಿ, ರೇಡಿಯೊ ಪಟಪಟ ಸಿಡಿಯಿತು. ರೇಡಿಯೊದ ಸಿಡಿತವೇ ಬೇರೆ, ಟೆಲಿಫೋನಿನ ಟಿಕ್ಕೇ ಬೇರೆ ಎಂಬುದನ್ನು ಬೇರೆಯವರಿಗೆ ಕಲಿಸಿಕೊಟ್ಟವನೇ ಅವನು. ಆದರೂ ಆ ದಿನ ಕಾಲು ನೋಯುತ್ತಿತ್ತು, ಕಣಿವೆ ಉತ್ತರಕ್ಕಾಗಿ ಕಾಯುತ್ತಿತ್ತು, ಉತ್ತರವೊಂದು ಕೈಗೆ ಸಿಕ್ಕಂತಾಗಿತ್ತು.

ಸಭಾಭವನದಲ್ಲಿ ನಲವತ್ತು ಜನರೆದುರು ಅವನು ಅದನ್ನು ಹೇಳಿದ. "ಆಯ್ತಪ್ಪ. ಬೇಲಿ ಐಲ್ಸಾಂದು."

ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು. ಐಲ್ಸಾ, ಗಂಡ ತೀರಿದ ಮೇಲೆ ಆತ ಕಟ್ಟಿದ ತಳಿ ಟಗರುಗಳ ಹಿಂಡನ್ನು ಒಬ್ಬಳೇ ನಡೆಸುತ್ತಿದ್ದ, ಹೆಚ್ಚು ಮಾತಿಲ್ಲದ ಹೆಂಗಸು. ಆಕೆಯ ಕುತ್ತಿಗೆಯಿಂದ ಕೆಂಪು ಏರಿ ಕಿವಿಯನ್ನು ಮುಟ್ಟಿತು.

"ನಮ್ಮನೇಲಿ ಕಂಪ್ಯೂಟರೇ ಇಲ್ವಲ್ಲ ಫರ್ಗಸ್," ಎಂದಳು.

"ನಿಮ್ಮನೇಲಿ ಇಲ್ಲ ಕಣಮ್ಮ. ಬೇರೆಯವರ ಮನೇಲಿ ಇದೆಯಲ್ಲ. ಸಂಜೆ ಏಳರಿಂದ ಒಂಬತ್ತು, ಎರಡೇ ಗಂಟೆ, ಬೇಲಿ ಆಫ್ ಮಾಡಿ. ಎಲ್ಲರೂ ಉಸಿರಾಡ್ತಾರೆ."

"ನೀವು ಹೇಳಿದ ಮೇಲೆ ಇನ್ನೇನು," ಎಂದಳು ಐಲ್ಸಾ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವನು ಹೇಳಿದ ಮೇಲೆ ನಿಜಕ್ಕೂ ಆಕೆಗೆ ಇನ್ನೇನೂ ಇರಲಿಲ್ಲ.

ಅದು ಮಾರ್ಚ್ ತಿಂಗಳು. ನಮ್ಮಲ್ಲಿ ಶರತ್ಕಾಲ ಇಳಿದು ಟಗರುಗಳ ರಕ್ತ ಕಾಯುವ ಕಾಲ. ಆಕೆಯ ಹಳೆಯ ಟಗರುಗಳಿಗೂ ಎರಡು ವರ್ಷದ ಪೋರ ಟಗರುಗಳಿಗೂ ನಡುವೆ ಇದ್ದದ್ದು ಆ ಬೇಲಿಯ ಎರಡೆಳೆ ತಂತಿ ಮಾತ್ರ. ಪ್ರತಿ ಸಂಜೆ ಎರಡು ಗಂಟೆ ಬೇಲಿ ಸತ್ತಿರುತ್ತದೆಂಬುದನ್ನು ಕಲಿಯಲು ಅವಕ್ಕೆ ಹನ್ನೊಂದು ದಿನ ಸಾಕಾಯಿತು. ಹನ್ನೆರಡನೆಯ ದಿನ ಬೆಳಗ್ಗೆ ಜಡ್ಜ್ ಎಂದು ಕರೆಯುತ್ತಿದ್ದ ಟಗರು, ಗಂಡ ಇಪ್ಪತ್ತು ವರ್ಷ ತಳಿಯ ಮೇಲೆ ತಳಿ ಕೂಡಿಸಿ ಪಡೆದ ಆ ಅಗಲ ಹಣೆಯ ಪ್ರಾಣಿ, ಕುತ್ತಿಗೆ ಮುರಿದು ನೀರಿನ ತೊಟ್ಟಿಯ ಪಕ್ಕ ಬಿದ್ದಿತ್ತು. ಕಾದಾಟದಲ್ಲಿ ಸತ್ತಿತ್ತು. ಅದರ ಪೀಳಿಗೆ ಮುಂದುವರಿಸಬೇಕಾಗಿದ್ದ ಹಂಗಾಮು ಇನ್ನೂ ಮೂರು ವಾರ ದೂರವಿತ್ತು.

ಫರ್ಗಸ್ ಹೋಗಿ ಗುಂಡಿ ತೋಡಿಕೊಟ್ಟ. ಐಲ್ಸಾ ಅವನನ್ನು ದೂರಲಿಲ್ಲ. "ಟಗರು ಅಂದ್ಮೇಲೆ ಹಾಯತ್ತೆ," ಎಂದಷ್ಟೇ ಹೇಳಿ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು. ಅಂದಿನ ಸಂಜೆಯೂ ಏಳು ಗಂಟೆಗೆ ಬೇಲಿ ಆಫ್ ಮಾಡಿದಳು. ಕೊಟ್ಟ ಮಾತು.

ಟಿಕ್ ಮಾತ್ರ ನಿಲ್ಲಲಿಲ್ಲ. ಕಣಿವೆಯವರು ಈಗ ವಾಸಿ ಎನ್ನುತ್ತಿದ್ದರು, ಯಾಕೆಂದರೆ ಫರ್ಗಸ್ ಕಂಡುಹಿಡಿದಿದ್ದಾನೆಂದು ನಂಬಿದ್ದರು. ಅವನಿಗೆ ಮಾತ್ರ ಏಳರಿಂದ ಒಂಬತ್ತರ ನಡುವೆಯೂ ಅದೇ ಸದ್ದು ಅದೇ ಗತಿಯಲ್ಲಿ ಕೇಳುತ್ತಿತ್ತು. ಕಿವಿಗೆ ವಯಸ್ಸಾಯಿತೇನೋ ಎಂದು ಮನಸ್ಸಿಗೆ ಹೇಳಿಕೊಂಡ.

ಮೇ ಹದಿನಾಲ್ಕರ ಮಧ್ಯಾಹ್ನ ಗಾಳಿಗೆ ಕೊಂಬೆಯೊಂದು ಮುರಿದು ಫರ್ಗಸ್‌ನದೇ ಬೇಲಿಯ ಪೆಟ್ಟಿಗೆಯ ಮೇಲೆ ಬಿದ್ದು ಅದು ನಿಂತುಹೋಯಿತು. ಆ ಹೊತ್ತಿಗೆ ಅವನು ತಾಮತಿಯ ಜೊತೆ ಫೋನಿನಲ್ಲಿದ್ದ. ಮಾತಿನ ನಡುವೆ ತಂತಿ ಥಟ್ಟನೆ ನಿರ್ಮಲವಾಯಿತು. ಮೂವತ್ತು ವರ್ಷಗಳ ಹಿಂದೆ ಹೂತ ದಿನ ಹೇಗಿತ್ತೋ ಹಾಗೆ.

"ಇದ್ದೀಯೇನೋ?" ಎಂದು ತಾಮತಿ ಎರಡು ಸಲ ಕೇಳಿದ. "ಸತ್ತೋದ್ಯಾ ಹೆಂಗೆ?"

ಫರ್ಗಸ್ ಫೋನನ್ನು ಮೆಲ್ಲನೆ ಕೆಳಗಿಟ್ಟು ಹೊರಗೆ ಹೋದ. ಪೆಟ್ಟಿಗೆಯ ಮೇಲಿನ ಕೊಂಬೆ ಸರಿಸಿ, ತಂತಿ ಜೋಡಿಸಿ, ಒಳಗೆ ಬಂದು ಆಲಿಸಿದ: ಟಿಕ್. ಹೊರಗೆ ಹೋಗಿ ಆರಿಸಿ ಬಂದ: ಮೌನ. ಹೀಗೆ ನಾಲ್ಕು ಸಲ ಓಡಾಡಿದ.

ಪ್ರತಿ ಬೇಲಿಗೂ ನೆಲಕ್ಕೆ ಬಡಿದ ಕಬ್ಬಿಣದ ಸರಳುಗಳಿರುತ್ತವೆ. ಮಿಡಿತ ಆ ಸರಳುಗಳ ಮೂಲಕ ಭೂಮಿಗಿಳಿಯುತ್ತದೆ. ಅವು ಟೆಲಿಫೋನ್ ತಂತಿಯಿಂದ ಹತ್ತು ಹೆಜ್ಜೆಯಾದರೂ ದೂರವಿರಬೇಕೆಂದು ಕಣಿವೆಗೆಲ್ಲ ಸಾರಿದವನು ಫರ್ಗಸ್. ತನ್ನ ಮೂರು ಸರಳುಗಳನ್ನು ಮೂರು ವರ್ಷದ ಹಿಂದೆ ಉಣ್ಣೆಯ ಕೊಟ್ಟಿಗೆಯ ಹಿಂದೆ ಬಡಿದಿದ್ದ. ಬೇರೆಲ್ಲ ಕಡೆ ಕಲ್ಲು ತಾಗಿತ್ತು, ಅಲ್ಲೊಂದೇ ಕಡೆ ಸರಳು ಸಲೀಸಾಗಿ ಇಳಿದಿತ್ತು. ಕಲ್ಲೇಕೆ ಇರಲಿಲ್ಲವೆಂದರೆ, ಆ ಕಲ್ಲುಗಳನ್ನು ಅರವತ್ತೆಂಟರಲ್ಲಿ ಅವನೇ ಹೊರತೆಗೆದಿದ್ದ. ತಾನು ತೋಡಿದ ಕಾಲುವೆಯ ಮೇಲೆಯೇ, ತಾನು ಹೂತ ತಂತಿಯಿಂದ ಎರಡು ಗೇಣು ದೂರದಲ್ಲಿ, ತಾನೇ ಬಡಿದಿದ್ದ. ಕಣಿವೆಯ ಬಾಯಲ್ಲಿರುವ ಅವನ ಮನೆಯನ್ನು ದಾಟಿಯೇ ಆ ತಂತಿ ಮಿಕ್ಕೆಲ್ಲ ಮನೆಗಳಿಗೆ ಹೋಗಬೇಕು.

ಅಂದೇ ಸರಳುಗಳನ್ನು ಕಿತ್ತು, ತೊರೆಯ ಆಚೆ ದಡದಲ್ಲಿ ಬಡಿದ. ಕಿತ್ತ ಜಾಗದ ಮಣ್ಣನ್ನು ಕಾಲಿನಿಂದ ಸಮ ಮಾಡಿದ. ಯಾರೂ ನೋಡುತ್ತಿಲ್ಲವೆಂದು ತಿರುಗಿ ನೋಡಿಕೊಂಡ. ಹಾಗೆ ತಿರುಗಿ ನೋಡಿದ್ದು ಅವನಿಗೆ ಆಮೇಲೆ ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು. ತಪ್ಪು ಮಾಡಿದ್ದು ತಿಳಿಯದೆ, ತಿರುಗಿ ನೋಡಿದ್ದು ತಿಳಿದು.

ಮರುದಿನ ಬೆಳಗ್ಗೆ ತಾಮತಿಯ ಪರದೆಯ ಮೇಲೆ ನಕ್ಷೆ ನಮ್ಮ ದ್ವೀಪದ ತುದಿಯವರೆಗೂ ಇಳಿಯಿತು. ಕಣಿವೆ ಸಂಭ್ರಮಿಸಿತು. ಆ ಶನಿವಾರ ಸಭಾಭವನದಲ್ಲಿ ಫರ್ಗಸ್‌ಗೆ ಒಂದು ಬಾಟಲಿ ವಿಸ್ಕಿ, ಮೇಲೆ ಟೆಲಿಫೋನ್ ಚಿತ್ರ ಬಿಡಿಸಿದ ಒಂದು ಕೇಕು. "ಏನ್ ಮಾಡಿದ್ಯೋ ಮಾರಾಯ?" ಎಂದು ಎಲ್ಲರೂ ಕೇಳುವವರೇ.

ಹೇಳಲು ಬಾಯಿ ತೆರೆದ. "ಆಯ್ತಪ್ಪ," ಎಂದ. ನಲವತ್ತು ಮುಖಗಳು ಅವನ ಕಡೆಗೆ ಹೊಳೆಯುತ್ತಿದ್ದವು. "ಹಳೇ ಜಾಯಿಂಟು. ಸೇತುವೆ ಹತ್ರ. ನೀರು ಇಳಿದಿತ್ತು."

ಚಪ್ಪಾಳೆಯ ನಡುವೆ ಐಲ್ಸಾ ಹತ್ತಿರ ಬಂದು ಮೆಲ್ಲನೆ ಕೇಳಿದಳು, "ಹಾಗಾದ್ರೆ ಇನ್ನು ಬೇಲಿಗೆ ಕರೆಂಟು ಹಾಕಿಕೊಳ್ಳಬಹುದಾ ಫರ್ಗಸ್, ಸಂಜೆ ಹೊತ್ತು?"

"ಹಾಕ್ಕೊಳ್ಳಿ," ಎಂದ.

"ಥ್ಯಾಂಕ್ಸ್," ಎಂದಳು ಆಕೆ.

ಆ ವಿಸ್ಕಿಯನ್ನು ಅವನು ತೆರೆಯಲಿಲ್ಲ. ವಾರಕ್ಕೆರಡು ಸಲ ಐಲ್ಸಾಳ ಮನೆಗೆ ಹೋಗಿ ಕರೆಯದಿದ್ದರೂ ಸೌದೆ ಸೀಳಿದ, ಗೇಟಿನ ತಿರುಗುಣಿ ಬದಲಿಸಿದ, ಮುಳ್ಳುಪೊದೆ ಕಡಿದ. ಆಕೆ ಸ್ಕೋನು ಎಂಬ ಬನ್ನು, ಬೆಣ್ಣೆ ಮುಂದಿಟ್ಟರೆ ಕೆಲಸ ಬಾಕಿಯಿದೆಯೆಂದು ಎದ್ದುಬಿಡುತ್ತಿದ್ದ. ರಾತ್ರಿ ಊಟಕ್ಕೆ ಕುಳಿತಾಗ, ಕಾರಿನಲ್ಲಿ ಒಬ್ಬನೇ ಹೋಗುವಾಗ, ತನಗೆ ತಾನೇ ಗಟ್ಟಿಯಾಗಿ "ಥೂ" ಎಂದುಕೊಳ್ಳುವ ಅಭ್ಯಾಸವೂ ಬಂತು. ಪಾದ್ರಿಯ ಮನೆಯಲ್ಲಿ ಒಮ್ಮೆ ಹಾಗೆಂದುಬಿಟ್ಟಾಗ, ಚಹಾ ಚೆನ್ನಾಗಿಲ್ಲವೆಂದುಕೊಂಡು ಪಾದ್ರಿಯ ಹೆಂಡತಿ ನೊಂದುಕೊಂಡಳು.

ಜೂನ್ ಕೊನೆಯ ಒಂದು ಬೆಳಗ್ಗೆ ಐಲ್ಸಾಳ ಅಡುಗೆಮನೆಯಲ್ಲಿ, ಕುಳಿತುಕೊಳ್ಳದೆ, ಟೋಪಿಯನ್ನು ಕೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳಿದ. ಆಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಯಾವತ್ತು ಗೊತ್ತಾಯ್ತು ನಿಮಗೆ?"

"ಮೇ ಹದಿನಾಲ್ಕು. ಸೋಮವಾರ."

"ಹಾಲ್‌ನಲ್ಲಿ ಸೇರಿದ್ದು ಶನಿವಾರ."

"ಹೌದು."

"ಆ ಕೇಕ್ ಮಾಡಿದ್ದು ನಾನು. ಟೆಲಿಫೋನ್ ಬಿಡಿಸೋಕೆ ಮಧ್ಯಾಹ್ನ ಎಲ್ಲಾ ಹಿಡೀತು."



ಐಲ್ಸಾ ಚಾಕುವನ್ನು ಕೆಳಗಿಟ್ಟಳು. "ಟಗರು ಹೋಯ್ತು, ಹೋಗ್ಲಿ. ನೀವು ತಪ್ಪು ತಿಳ್ಕೊಂಡ್ರಿ, ಅದೂ ಹೋಗ್ಲಿ, ಯಾರಿಗಾದ್ರೂ ಆಗತ್ತೆ. ಆದ್ರೆ ಆ ಎರಡು ತಿಂಗಳು ನಾನು ಅಂಗಡೀಗೆ ಹೋದ್ರೆ ಜನ ನನ್ನ ಮುಖ ನೋಡಿ ಮಾತು ನಿಲ್ಲಿಸ್ತಿದ್ರು. ಇವಳ ಬೇಲಿಯಿಂದ ಅಂತ. ನಿಮಗೆ ಗೊತ್ತಾ ಅದು?"

"ಗೊತ್ತಿರ್ಲಿಲ್ಲ."

"ನಲವತ್ತು ಜನದ ಮುಂದೆ ಹೇಳಿದ್ರಿ ನನ್ನ ಬೇಲಿ ಅಂತ. ಈಗ ನನ್ನ ಅಡುಗೆಮನೇಲಿ ಹೇಳ್ತಿದ್ದೀರಿ." ಮತ್ತೊಂದು ಆಲೂಗಡ್ಡೆ ಎತ್ತಿಕೊಂಡಳು. "ಅಲ್ಲೇ ಹೋಗಿ ಹೇಳಿ."

ಮುಂದಿನ ತಿಂಗಳ ಸಭೆಯಲ್ಲಿ ಅವನು ಎದ್ದು ನಿಂತ. ಕೋಟು ಹಾಕಿಕೊಂಡು ಬಂದಿರಲಿಲ್ಲ. ಅಂಗಿಯ ಮೇಲೆಯೇ, ಆ ಚಳಿಯಲ್ಲಿ. ಜಾಯಿಂಟು ಸುಳ್ಳು, ಸೇತುವೆ ಸುಳ್ಳು, ಬೇಲಿ ತನ್ನದು, ಐಲ್ಸಾಳದ್ದು ಯಾವತ್ತೂ ಆಗಿರಲಿಲ್ಲ ಎಂದ. ವಿಸ್ಕಿಯ ಬಾಟಲಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ತಾಮತಿ, "ಅಯ್ಯೋ ಗುರುವೇ, ನಿನ್ನ ಕಿವಿ ನಿನ್ನ ಮನೆಗೆ ಮಾತ್ರ ಕಿವುಡು!" ಎಂದ. ಭವನವೆಲ್ಲ ನಕ್ಕಿತು. ಯಾರೋ ಬೆನ್ನು ತಟ್ಟಿದರು. ಯಾರೋ ಬಾಟಲಿಯನ್ನು ತೆರೆದೇಬಿಟ್ಟರು. ಬೈಯುತ್ತಾರೆಂದು ಎದೆ ಗಟ್ಟಿಮಾಡಿಕೊಂಡು ಬಂದವನಿಗೆ ಆ ನಗು ಬೈಗುಳಕ್ಕಿಂತ ಭಾರವಾಯಿತು, ಏಕೆಂದರೆ ಹಿಂದಿನ ಸಾಲಿನಲ್ಲಿ ಒಬ್ಬಳು ನಗುತ್ತಿರಲಿಲ್ಲ. ನಗು ತಗ್ಗುವವರೆಗೂ ಕಾದಿದ್ದು, ಒಮ್ಮೆ ತಲೆಯಾಡಿಸಿ, ಐಲ್ಸಾ ಎದ್ದು ಹೋದಳು. ಕ್ಷಮಿಸಿದಳೋ, ಬರೀ ತಾನು ಕೇಳಿದ್ದನ್ನು ಪಡೆದುಕೊಂಡಳೋ, ಫರ್ಗಸ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಕೇಳಲೂ ಇಲ್ಲ.

ಇನ್ನು ಯಾರೂ ಕರೆಯುವುದಿಲ್ಲವೆಂದು ಅವನು ಅಂದುಕೊಂಡಿದ್ದ. ಸೋಮವಾರ ಬೆಳಗ್ಗೆಯೇ ಶಾಲೆಯ ಟೀಚರು ಕರೆದಳು. ಹೋದ. ಆಲಿಸಿದ. ರೋಗ ಸಿಕ್ಕಿದ ಮೇಲೂ ಬಾಯಿ ಬಿಡದೆ, ಮನೆಗೆ ಹೋಗಿ ತನ್ನ ಬೇಲಿ, ತನ್ನ ತಂತಿ, ತನ್ನ ಗೋಡೆಯ ಸಾಕೆಟ್ಟುಗಳನ್ನೆಲ್ಲ ಪರೀಕ್ಷಿಸಿ, ಅನಂತರ ಮರಳಿ ಬಂದು ಹೇಳಿದ. ಅಂದಿನಿಂದ ಅವನ ಚಿಕಿತ್ಸೆ ಬಹಳ ನಿಧಾನವಾಯಿತು. ಜನ ಗೊಣಗಿದರು, ಆದರೂ ಕಾದರು.

ಒಂದು ಕೆಲಸದಲ್ಲಿ ಬದುಕನ್ನೇ ಸವೆಸಿದ ಇಂಥ ಜನ ಪ್ರತಿ ಸೀಮೆಯಲ್ಲೂ ಇರುತ್ತಾರೆ. ಅವರ ಜ್ಞಾನ ಸುಳ್ಳಲ್ಲ, ಅವರ ಪ್ರೀತಿಯೂ ಸುಳ್ಳಲ್ಲ. ಊರು ಅವರನ್ನು ನಂಬುವುದು ಸರಿಯಾಗಿಯೇ ಇರುತ್ತದೆ. ಆದರೆ ನಂಬಿಕೆಯೆಂಬುದು ನಂಬಿಸಿಕೊಂಡವನಿಗೆ ಮೆಲ್ಲಮೆಲ್ಲನೆ ಒಂದು ಮರೆಯನ್ನು ಕಟ್ಟಿಕೊಡುತ್ತದೆ. ಆ ಮರೆಯಲ್ಲಿ ಅವನು ಹುಡುಕುವುದಿಲ್ಲ, ಬೇರೆ ಯಾರೂ ಹುಡುಕುವುದಿಲ್ಲ. ಅವರು ತಪ್ಪಿದಾಗ ಬೆಲೆ ತೆರುವವರು ಎದುರು ಮಾತನಾಡದೆ ಒಪ್ಪಿಕೊಂಡ ಯಾರೋ ಒಬ್ಬರು. ಕೆಲವರು ಅದನ್ನು ತಿಳಿಯದೆಯೇ ಗೌರವದಿಂದ ತೀರಿಕೊಳ್ಳುತ್ತಾರೆ. ತಿಳಿದವರ ಪಾಡು ಬೇರೆ: ಅವರು ನಾಚಿಕೆಯನ್ನು ಕೈಬಿಡಲಾರರು, ಕೆಲಸವನ್ನೂ ಕೈಬಿಡಲಾರರು, ಎರಡನ್ನೂ ಹೊತ್ತುಕೊಂಡೇ ಮನೆಯಿಂದ ಮನೆಗೆ ಹೋಗುತ್ತಾರೆ. ಅವರ ಕೈಯ ಕೆಲಸ ಆಗಲೇ ನಿಜಕ್ಕೂ ನಂಬುವಂಥದ್ದಾಗುತ್ತದೆ. ಆ ನಂಬಿಕೆ ತಮಗೆ ಸಲ್ಲುತ್ತದೆಂದು ಒಪ್ಪಲು ಮಾತ್ರ ಆಗ ಅವರಿಂದಾಗುವುದಿಲ್ಲ.