ಐದನೇ ಸದ್ದು, ಆರನೇ ಸದ್ದು

ನನ್ನ ತಮ್ಮ ನಯೀಮನಿಗೆ ಎಣಿಸಲು ಬರುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರಿನ ಬಾಯಿ, ಏನು ಬೇಕಾದರೂ ಹೇಳುತ್ತದೆ. ಆದರೆ ಅವನೂ ಅದನ್ನೇ ನಂಬಿ, ಅನ್ನ ನೀರು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಾಗ ನನಗೆ ತಲೆ ಕೆಟ್ಟುಹೋಯಿತು.

ಅಂಬಾಜಿದುರ್ಗದ ಬುಡದ ಒಂದು ಕಲ್ಲು ಕ್ವಾರಿಯಲ್ಲಿ ಅವನದು ಎಣಿಸುವ ಕೆಲಸ. ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಒಂದೊಂದಕ್ಕೂ ಬತ್ತಿ ಹಚ್ಚಿ ಎಲ್ಲರೂ ಓಡಿ ಮರೆಯಾಗುತ್ತಾರೆ. ಆಮೇಲೆ ಎಷ್ಟು ಸಿಡಿದವು ಎಂದು ಒಬ್ಬ ಕೂಗಿ ಹೇಳಬೇಕು. ರಾಗಿ ಅಳೆಯುವಾಗಿನ ಹಾಗೆ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಹಚ್ಚಿದಷ್ಟೂ ಸಿಡಿದವು ಎಂದು ಎಣಿಸುವವನು ಹೇಳುವ ತನಕ ಯಾರೂ ಕದಲುವಂತಿಲ್ಲ. ಎರಡು ಕುಳಿ ಜೊತೆಯಲ್ಲೇ ಸಿಡಿದರೆ ಬೇರೆಯವರಿಗೆ ಒಂದೇ ಸದ್ದು ಕೇಳುತ್ತದೆ, ನಯೀಮನಿಗೆ ಎರಡು. ಅದಕ್ಕೇ ಬತ್ತಿ ಹಚ್ಚುವ ನಲ್ಲಪ್ಪ ಇವನನ್ನು ಬಿಟ್ಟು ಬೇರೆ ಯಾರ ಎಣಿಕೆಯನ್ನೂ ನಂಬುತ್ತಿರಲಿಲ್ಲ.

ಆ ದಿನ ಆರು ಕುಳಿಗೆ ಹಚ್ಚಿದ್ದರು. ಲಾಭ, ಎರಡು, ಮೂರು, ನಾಲ್ಕು ಆದವು. ಸ್ವಲ್ಪ ತಡೆದು ‘ಢ-ಢಂ’ ಎಂದಿತು. ಐದು, ಆರು ಎಂದು ನಯೀಮ ಕೂಗಿದ. ನಲ್ಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ನಿಜವಾದ ಐದು ಮತ್ತು ಆರು ಸಿಡಿದದ್ದು ಅವನು ಬಂಡೆಯ ಹತ್ತಿರ ಹೋದಮೇಲೆ.

ವಿಚಾರಣೆಗೆ ಬಂದವರು ಎಣಿಕೆ ತಪ್ಪಿದೆ ಎಂದು ಬರೆದುಕೊಂಡು, ಎಳನೀರು ಕುಡಿದು ಹೊರಟುಹೋದರು. ಎಲ್ಲ ಸಿಡಿದ ಮೇಲೂ ಇನ್ನಷ್ಟು ಹೊತ್ತು ಕಾಯಬೇಕೆಂಬ ನಿಯಮ ಎಲ್ಲಿ ಹೋಯಿತು ಎಂದು ಕ್ವಾರಿಯ ಮಾಲೀಕನನ್ನು ಒಬ್ಬರೂ ಕೇಳಲಿಲ್ಲ.

ನಾನು ಶಾಜಿಯಾ. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆ ಮಧ್ಯಾಹ್ನ ನನ್ನ ಕ್ಲಾಸಿನ ಕಿಟಕಿಗಳೂ ಗಡಗಡ ಎಂದಿದ್ದವು. ಮಕ್ಕಳು ಭೂಕಂಪ ಎಂದು ಕಿರುಚಿಕೊಂಡು ಹೊರಗೆ ಓಡಿದ್ದರು. ಕ್ವಾರಿಯ ಮದ್ದು ಎಷ್ಟೇ ಜೋರಾಗಿದ್ದರೂ ಚಿಂತಾಮಣಿ ಕಡೆಯಿಂದ ಇಲ್ಲಿಗೆ ಬಂದು ಕಿಟಕಿ ಅಲುಗಿಸುವುದಿಲ್ಲ. ಸಾವಿನ ಗಲಾಟೆಯಲ್ಲಿ ಇದು ಮರೆತೇಹೋಗಿತ್ತು. ನೆನಪಾದ ಕೂಡಲೇ ಗುರುತಿನವರಿಗೆಲ್ಲ ಫೋನ್ ಮಾಡಿ, ಅವರ ಅಂಗಡಿ ಕ್ಯಾಮೆರಾ ನೋಡಿಸಿದೆ. ಮೊದಲು ಚಿಂತಾಮಣಿ, ಆಮೇಲೆ ಶಿಡ್ಲಘಟ್ಟ, ಆಮೇಲೆ ಚಿಕ್ಕಬಳ್ಳಾಪುರ, ಕೊನೆಗೆ ಗೌರಿಬಿದನೂರಿನಲ್ಲಿ ಶಟರುಗಳು ನಡುಗಿದ್ದವು. ಸದ್ದು ಊರಿಂದ ಊರಿಗೆ, ಭೂಕಂಪಕ್ಕಿಂತ ನಿಧಾನವಾಗಿ, ಆದರೆ ಬಲ ಕುಗ್ಗದೆ ಪ್ರಯಾಣ ಮಾಡಿತ್ತು. ಹಾಗೆ ಮಾಡುವುದು ಭೂಕಂಪವೂ ಅಲ್ಲ, ಮದ್ದೂ ಅಲ್ಲ. ಸದ್ದಿಗಿಂತ ವೇಗವಾಗಿ ಹಾರಿದ ವಿಮಾನ.

ಅಂಥ ವಿಮಾನದ ಸದ್ದು ಅದರ ಮುಂದೆ ಹೋಗಲಾರದು. ಒಂದರ ಮೇಲೊಂದು ಒತ್ತಿಕೊಂಡು ಹಿಂದೆ ಬೀಳುತ್ತದೆ, ವಿಮಾನದ ದಾರಿಯುದ್ದಕ್ಕೂ ನೆಲದ ಮೇಲೆ ಸೆರಗಿನ ಹಾಗೆ ಎಳೆದುಕೊಂಡು ಹೋಗುತ್ತದೆ. ಅದರ ಅಂಚು ಯಾರ ಮೇಲೆ ಹಾಯುತ್ತದೋ ಅವರಿಗೆ ಆ ಗಳಿಗೆಯಲ್ಲಿ ಸಿಡಿತ. ಮೂತಿಯದೊಂದು, ಬಾಲದ್ದೊಂದು. ಎರಡರ ನಡುವೆ ಎಷ್ಟು ಕಡಿಮೆ ಅಂತರವೆಂದರೆ ಬಹಳ ಜನರಿಗೆ ಒಂದೇ ಎನಿಸುತ್ತದೆ.

ನಯೀಮನ ಕಿವಿ ಮಂದವಾಗಿದ್ದರೆ ಐದು ಎಂದು ನಿಲ್ಲಿಸುತ್ತಿದ್ದ. ನಲ್ಲಪ್ಪ ಇನ್ನೊಂದಕ್ಕೆ ಕಾಯುತ್ತಿದ್ದ, ಬದುಕುತ್ತಿದ್ದ. ಇದು ಹೊಳೆದಾಗ ಸಂಕಟವಾಯಿತು. ಸುಳ್ಳೇಕೆ, ಖುಷಿಯೂ ಆಯಿತು. ನನ್ನ ತಮ್ಮ ಕೇಳಿದ್ದು ಸರಿಯಾಗಿತ್ತು. ಈ ಮಾತನ್ನು ನಲ್ಲಪ್ಪನ ಹೆಂಡತಿ ಓಬಳಮ್ಮನ ಬಾಯಲ್ಲಿ ಹೇಳಿಸಬೇಕು, ಆಗಲೇ ಇವನು ಎದ್ದು ಕೂರುತ್ತಾನೆ ಎಂದುಕೊಂಡೆ.

ನಯೀಮ ಬರುವುದಿಲ್ಲ ಎಂದ. ಬೈದು, ಬೇಡಿಕೊಂಡು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ.

ಓಬಳಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕೂರಲು ಹೇಳಿದಳು. ನಯೀಮನ ಕಡೆ ತಿರುಗಿಯೂ ನೋಡಲಿಲ್ಲ.

“ಓಬಳಮ್ಮಾ, ಬಸ್ಸು ಬರೋಕ್ ಮುಂಚೇನೇ ಹಾರನ್ ಕೇಳ್ಸುತ್ತೆ ಅಲ್ವಾ?” ಎಂದೆ.

“ಹೂಂ.”

“ಹಾರನ್‌ಗಿಂತ ಬಸ್ಸೇ ಜೋರಾಗಿ ಬಂದ್ರೆ?”

“ಕೇಳ್ಸೋ ಹೊತ್ಗೆ ಬಸ್ಸು ಹೊಂಟೋಗಿರ್ತೈತೆ.”

“ಅವತ್ತು ವಿಮಾನ ಒಂದು ಹಂಗೇ ಹೋಯ್ತಮ್ಮ. ಎರಡು ಸದ್ದು ಬಂದಿದ್ದು ನಿಜ. ಆದ್ರೆ ಬಂಡೆಯಿಂದ ಬರ್ಲಿಲ್ಲ, ಮೇಲಿಂದ ಬಂತು. ನಿಮ್ಮೂರಿಂದ ಗೌರಿಬಿದನೂರವರೆಗೂ ಕೇಳ್ಸಿದೆ.”

ಅವಳ ಕೈ ನಿಂತಿತು. “ಅವತ್ತು ನಮ್ಮನೆ ತಗಡೂ ಅಲ್ಲಾಡ್ತು,” ಎಂದಳು. ಆಮೇಲೆ ಕೇಳಿದಳು, “ವಿಮಾನ್ದಾಗಿದ್ದೋನ್ಗೆ ಗೊತ್ತಾ, ನಮ್ ಯಜಮಾನ್ರು ಸತ್ತಿದ್ದು?”

“ಇಲ್ಲ. ಅವನಿಗೆ ಆ ಸದ್ದೂ ಕೇಳ್ಸಿರಲ್ಲ.”

ಓಬಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಜರುಗಿ ಬಂದು, ಹುಣಸೆ ಅಂಟಿದ ಕೈಯಲ್ಲೇ ನಯೀಮನ ಕೈ ಹಿಡಿದಳು.

“ನಿಂದೇನೂ ತಪ್ಪಿಲ್ಲ ಬಿಡು ನಾಯನಾ. ಎಷ್ಟು ಸೊರಗೋಗಿದ್ದೀಯ. ಹೋಗಿ ಊಟ ಮಾಡು.”

ನಾನು ಬಂದಿದ್ದ ಕೆಲಸ ಆಗಿತ್ತು.

ನಯೀಮ ತಲೆ ಎತ್ತಲಿಲ್ಲ. ಎಷ್ಟೋ ದಿನಗಳಿಂದ ಹೆಚ್ಚು ಮಾತಾಡದ ದನಿ ಗೊರಗೊರ ಎಂದಿತು. “ಅಮ್ಮಾ, ಬಂಡೆ ಸಿಡಿದ್ರೆ ಕಾಲಡಿ ನೆಲ ಅದುರುತ್ತೆ. ಮೊದಲ್ನೇ ನಾಲ್ಕಕ್ಕೂ ಅದುರ್ತು. ಆ ಎರಡಕ್ಕೆ ಅದುರ್ಲಿಲ್ಲ.”

“ನಯೀಮ್, ಸುಮ್ನಿರು,” ಎಂದೆ.

“ಏನೋ ಸರಿಯಿಲ್ಲ ಅನ್ನಿಸ್ತು. ನಲ್ಲಪ್ಪಣ್ಣ ‘ಆಯ್ತೇನೋ?’ ಅಂದ್ರು. ಕಲ್ಲು ತುಂಬ್ಸೋಕೆ ನಿಂತಿದ್ದ ಲಾರಿಯೋನು ಬೇರೆ ಬೇಗ ಬೇಗ ಅಂತ ಕೂಗ್ತಿದ್ದ. ‘ಆಯ್ತಣ್ಣ, ಹೋಗಿ’ ಅಂದ್ಬಿಟ್ಟೆ.” ಅವನು ನನ್ನ ಕಡೆ ತಿರುಗಿದ. “ಇಷ್ಟು ದಿನ ನಂಗೆ ಎಣಿಸೋಕೇ ಬರಲ್ಲ, ನೆಲ ಅದುರ್ಲಿಲ್ಲ ಅನ್ಸಿದ್ದೂ ನನ್ ಭ್ರಮೆ ಅಂತ ನಂಬ್ಕೊಂಡಿದ್ದೆ ಆಪಾ. ನೀನು ಹೇಳಿದ್ಮೇಲೆ ಅದೂ ಹೋಯ್ತು. ನಂಗೆ ಗೊತ್ತಾಗಿತ್ತು.”

ಓಬಳಮ್ಮ ಅವನ ಕೈ ಬಿಟ್ಟಳು. ಎಳೆದುಕೊಳ್ಳಲಿಲ್ಲ, ಬಿಟ್ಟಳು ಅಷ್ಟೆ. ತನ್ನ ಜಾಗಕ್ಕೆ ಹೋಗಿ ಕೂತು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

“ಟೀಚರಮ್ಮಾ, ಅವನ್ನ ಕರ್ಕಂಡು ಹೋಗಿ.”

ಗಾಳಿಯಲ್ಲಿ ಬರುವ ಸದ್ದು ಬಂಡೆಯ ಸದ್ದಿನಂತೆ ನೆಲವನ್ನೇಕೆ ಅದುರಿಸುವುದಿಲ್ಲ ಎಂಬುದಕ್ಕೂ ನನ್ನ ಬಳಿ ವಿವರಣೆ ಇತ್ತು. ಅದನ್ನು ಯಾರಿಗೆ ಹೇಳಲಿ? ನಯೀಮ ಆಗಲೇ ಮೆಟ್ಟಿಲಿಳಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಕ್ವಾರಿಯ ದಾರಿ ಹಿಡಿದು ನಡೆಯುತ್ತಿದ್ದ. ನಾನು ಅವನ ಹೆಸರು ಕೂಗುತ್ತಾ ಹಿಂದೆ ಓಡಿದೆ.