ಒಳಬದಿಯ ಚಿಲಕ

ನಾನು ಒಂದು ಚಿಲಕ. ಗೇಣುದ್ದದ ಕಬ್ಬಿಣದ ಸರಳು, ಅದು ಓಡಾಡಲು ಎರಡು ಬಳೆ, ಹಿಡಿದೆಳೆಯಲು ಒಂದು ಕಿವಿ, ಇಷ್ಟೇ ನನ್ನ ಸಂಸಾರ. ಮಾತು ಸ್ವಲ್ಪ ಗಡಸು ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಬೆಂಕಿಯಲ್ಲಿ ಕಾದು ಸುತ್ತಿಗೆಯ ಪೆಟ್ಟು ತಿಂದು ಬಂದವರ ಬಾಯಿ ಹೀಗೇ ಇರುತ್ತದೆ.

ನಾನು ಹುಟ್ಟಿದ್ದು ಕೃಷ್ಣಾ ನದಿಯ ಕಡೆಯ ಒಂದು ನೇಕಾರರ ಊರಿನಲ್ಲಿ, ಮೌನೇಶಪ್ಪನ ಕುಲುಮೆಯಲ್ಲಿ. ಓಣಿಯ ತುಂಬ ಮಗ್ಗಗಳ ಸದ್ದು, ಅದರ ನಡುವೆ ಮೌನೇಶಪ್ಪನ ಸುತ್ತಿಗೆಯ ಸದ್ದು. ಅವನು ನನ್ನನ್ನು ನೀರಿಗೆ ಅದ್ದಿ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಸರಳನ್ನು ಹಿಂದೆ ಮುಂದೆ ಓಡಿಸಿ ನೋಡಿದ. "ಇದು ಹೇಳಿದ ಮಾತ ಕೇಳತೈತಿ," ಅಂದ. ಹುಟ್ಟಿದ ದಿನವೇ ಸಿಕ್ಕ ಹೊಗಳಿಕೆ. ಇನ್ನೊಂದು ಹೊಗಳಿಕೆ ಸಿಗಲು ಬಹಳ ವರ್ಷ ಕಾಯಬೇಕಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಆಗಷ್ಟೇ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಿದ್ದರು. ನಾನು ಅದರ ಬಾಗಿಲಿನ ಒಳಬದಿಗೆ ಹೋದೆ. ಕೇಳಿದವರಿಗೆ ಎದೆಯುಬ್ಬಿಸಿ ಹೇಳಿಕೊಳ್ಳುವ ವಿಳಾಸವಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಕೆಲಸವಿತ್ತು. ಹುಡುಗಿಯರು ಬರುತ್ತಿದ್ದರು, ಬಾಗಿಲು ಹಾಕುತ್ತಿದ್ದರು, ನನ್ನನ್ನು ಎಳೆಯುತ್ತಿದ್ದರು. ನಾನು ಬಳೆಯೊಳಗೆ ಹೋಗಿ ಕೂತ ಕೂಡಲೇ ಒಂದು ಉಸಿರು ಬಿಡುತ್ತಿದ್ದರು. ಆ ಉಸಿರು ನನಗೆ ಬಹಳ ಇಷ್ಟ. ಕಡಿಮೆ ಅಂಕ ಬಂತೆಂದು ಅಳಲು ಬರುವವರಿದ್ದರು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳಲು ಬರುವವರಿದ್ದರು. ಎಂಟನೇ ತರಗತಿಯ ಇಂದ್ರವ್ವ ಅನ್ನುವವಳೊಬ್ಬಳು ಬರುತ್ತಿದ್ದಳು. ಅವಳು ಒಳಗೆ ಬಂದರೂ ಸುಮ್ಮನಿರುತ್ತಿರಲಿಲ್ಲ. ವಿಜ್ಞಾನದ ಪ್ರಶ್ನೆ ತಾನೇ ಕೇಳಿ ತಾನೇ ಉತ್ತರ ಹೇಳುವಳು. ಹಾಳಾದ ಹುಡುಗಿ, ದ್ಯುತಿಸಂಶ್ಲೇಷಣೆ ಅನ್ನುವ ಶಬ್ದ ನನಗೂ ಬಾಯಿಪಾಠ ಆಗಿಹೋಯಿತು.

ಆಗ ಶಾಲೆಗೆ ಕಂಪ್ಯೂಟರು ಬಂದವು. ಊರಿಗೆ ಊರೇ ನೋಡಲು ಬಂತು. ಅವನ್ನು ಇಟ್ಟ ಕೋಣೆಗೆ ಗಟ್ಟಿ ಚಿಲಕ ಇಲ್ಲ, ಕಳವಾದರೆ ಯಾರು ಉತ್ತರ ಕೊಡಬೇಕು ಎಂದು ಆಗಿನ ಹೆಡ್‌ಮಾಸ್ತರರಿಗೆ ದಿಗಿಲಾಯಿತು. ಶಾಲೆಯಲ್ಲಿ ಗಟ್ಟಿ ಇದ್ದ ಚಿಲಕ ನಾನೊಬ್ಬನೇ. ನನ್ನನ್ನು ಕಿತ್ತು, ಕಿವಿಗೆ ತೂತು ಹೊಡೆದು, ಕಂಪ್ಯೂಟರ್ ಕೋಣೆಯ ಹೊರಬದಿಗೆ ಬಡಿದು, ದೊಡ್ಡ ಬೀಗ ನೇತುಹಾಕಿದರು. ಶೌಚಾಲಯಕ್ಕೆ ಬೇರೆ ತಂದರಾಯಿತು ಅಂದರು. ಆ ಬೇರೆಯದು ಬರಲೇ ಇಲ್ಲ.

ನನ್ನ ಹೊಸ ಜಾಗದಿಂದ ಅಂಗಳದ ಆಚೆಗಿನ ಹಳೆಯ ಬಾಗಿಲು ಕಾಣುತ್ತಿತ್ತು. ನಾನಿದ್ದ ಕಡೆ ಸ್ಕ್ರೂಗಳ ತೂತು ಮಾತ್ರ ಉಳಿದಿದ್ದವು. ಹುಡುಗಿಯರು ಜೋಡಿಯಾಗಿ ಬರತೊಡಗಿದರು. ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು. ಆಮೇಲೆ ಆಮೇಲೆ ಬರುವುದನ್ನೇ ಕಡಿಮೆ ಮಾಡಿದರು. ಬೆಳಿಗ್ಗೆ ತಂದ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ಒಂದು ದಿನ ಇಂದ್ರವ್ವನ ಜೊತೆಗಾತಿ ಶಾಲೆಗೆ ಬಂದಿರಲಿಲ್ಲ. ಇಂದ್ರವ್ವ ಒಬ್ಬಳೇ ಹೋದಳು. ಆಟ ಬಿಟ್ಟು ಓಡಿಬಂದ ಹುಡುಗರು ಬಾಗಿಲಿಗೆ ಒದ್ದು, ಅದು ತೆರೆದುಕೊಂಡಾಗ ಕೂಗಿ ನಗುತ್ತಾ ಓಡಿದರು. ಅವಳು ಹೊರಗೆ ಬಂದಳು, ತರಗತಿಗೆ ಹೋಗಿ ಚೀಲ ತೆಗೆದುಕೊಂಡಳು, ಗೇಟು ದಾಟಿ ಹೋದಳು. ಹಾಜರಿ ಕರೆಯುವಾಗ ಕೆಲವು ದಿನ ಅವಳ ಹೆಸರು ಕೇಳಿಸಿತು. ಆಮೇಲೆ ಅದೂ ನಿಂತಿತು. ನನಗೆ ಆಗ ಆದ ಸಂಕಟ ಹೇಳತೀರದು. ಕಬ್ಬಿಣ ಅಳುವುದಿಲ್ಲ, ತುಕ್ಕು ಹಿಡಿಯುತ್ತದೆ.

ಕಂಪ್ಯೂಟರುಗಳು ಬಹಳ ವರ್ಷ ಬಾಳಲಿಲ್ಲ. ಒಂದೊಂದಾಗಿ ಕಣ್ಣು ಮುಚ್ಚಿದವು. ಅವುಗಳ ಮೇಲೆ ಧೂಳು, ಧೂಳಿನ ಮೇಲೆ ಮುರಿದ ಬೆಂಚು. ಬೀಗ ಮಾತ್ರ ಹಾಗೇ ಇತ್ತು, ಬೀಗದ ಜೊತೆ ನಾನು. ಸತ್ತ ಸಾಮಾನಿಗೆ ಕಾವಲು ಕೂರುವ ಕೆಲಸ ಯಾರಿಗೂ ಬೇಡಪ್ಪ.

ಶಾಲೆಯ ಗುಣಮಟ್ಟ ನೋಡಲು ಅಧಿಕಾರಿಗಳು ಬಂದು ಹೋಗುತ್ತಿದ್ದರು. ಹತ್ತನೇ ತರಗತಿಯ ಫಲಿತಾಂಶ ಎಷ್ಟು ಅನ್ನುವರು. ಗೋಡೆಗೆ ಬಣ್ಣ ಆಗಿದೆಯಾ ಅನ್ನುವರು. ಮಕ್ಕಳನ್ನು ನಿಲ್ಲಿಸಿ ರಾಜಧಾನಿಗಳ ಹೆಸರು ಕೇಳುವರು. ಚಹಾ ಕುಡಿದು, ಫೋಟೊ ತೆಗೆದುಕೊಂಡು, "ಚೆನ್ನಾಗಿದೆ" ಎಂದು ಹೋಗುವರು. ಫಲಿತಾಂಶ ನಿಜವಾಗಿಯೂ ಚೆನ್ನಾಗಿತ್ತು. ಈಗಿನ ಹೆಡ್‌ಮಾಸ್ತರ ಕುಂದರಗಿ ಸರ್ ಬೆಳಿಗ್ಗೆ ಬೇಗ ಬಂದು ಪಾಠ ಮಾಡುವ ಮನುಷ್ಯ. ಗಣಿತದ ನದಾಫ್ ಟೀಚರ್ ಮಕ್ಕಳ ಕೈಗೆ ಸೀಮೆಸುಣ್ಣದ ತುಂಡು ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸುವ ಹೆಂಗಸು. ಪಾಠದ ವಿಷಯದಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಆದರೂ ಎಂಟನೇ ತರಗತಿಗೆ ಸೇರುವ ಹುಡುಗಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಯಾಕೆ ಎಂದು ಕುಂದರಗಿ ಸರ್ ತಲೆ ಕೆರೆದುಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಎದುರಿಗೇ, ಹಳೆಯ ಶೌಚಾಲಯದ ಪಕ್ಕ, ಹೊಸದೊಂದು ಎದ್ದಿತು. ಬಿಳಿ ಟೈಲ್ಸು, ನಲ್ಲಿ, ನೀಲಿ ಬಾಗಿಲು. ಸಾಹೇಬರು ಬಂದು ರಿಬ್ಬನ್ ಕತ್ತರಿಸಿ ಹೋದರು. ಅವರು ಹೋದ ಮೇಲೆ ಕುಂದರಗಿ ಸರ್ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕಿಸೆಯಲ್ಲಿ ಇಟ್ಟುಕೊಂಡರು. ಹುಡುಗಿಯರಿಗೆ ಮತ್ತೆ ಅದೇ ಹಳೆಯ ಬಾಗಿಲು. ನನಗೆ ಬಾಯಿದ್ದಿದ್ದರೆ ಅವತ್ತು ಬೈದುಬಿಡುತ್ತಿದ್ದೆ.

ಮರುವರ್ಷ ಶಾಲೆ ಶುರುವಾಗುವ ಹೊತ್ತಿಗೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ಗೇಟಿನೊಳಗೆ ಬಂದಳು. ಸೀರೆಯ ಸೆರಗಿನ ತುದಿಗೆ ನೂಲಿನ ಎಳೆ ಅಂಟಿತ್ತು. ಮಗಳ ಹೆಸರು ಅಕ್ಕಮಹಾದೇವಿ, ಮನೆಯಲ್ಲಿ ಅಕ್ಕು. ಏಳನೆಯದು ಮುಗಿಸಿದ್ದಳು. ಕುಂದರಗಿ ಸರ್ ಪಡಸಾಲೆಗೇ ಬಂದು ಕುರ್ಚಿ ಹಾಕಿಸಿದರು.

"ಸರ್, ಸಾಲಿ ನೋಡಾಕ ಬಂದೀನ್ರಿ," ಅಂದಳು ಹೆಂಗಸು. "ನೋಡಿ ಮನಸಿಗೆ ಬಂದ್ರ ಹೆಸರ ಹಚ್ಚತೀನಿ. ಇಲ್ಲಂದ್ರ ಇಕಿ ಮನ್ಯಾಗ ಕಂಡಿಕಿ ಸುತ್ತತಾಳ. ನಮ್ಮತ್ತಿ ಆಗಲೇ ಕಂಡಿಕಿ ರಾಟಿ ತಗದ ಇಟ್ಟಾರ್ರಿ."

ಅಕ್ಕು ನೆಲ ನೋಡುತ್ತಿದ್ದಳು. ಕಂಡಿಕೆ ಸುತ್ತುವುದೆಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡುವುದು. ಒಮ್ಮೆ ರಾಟೆಯ ಮುಂದೆ ಕೂತ ಹುಡುಗಿ ಮತ್ತೆ ಪುಸ್ತಕದ ಮುಂದೆ ಕೂತದ್ದನ್ನು ಆ ಓಣಿ ನೋಡಿರಲಿಲ್ಲ.

ಕುಂದರಗಿ ಸರ್ ಹುರುಪಿನಿಂದ ಎಲ್ಲ ತೋರಿಸಿದರು. ಫಲಿತಾಂಶದ ಬೋರ್ಡು, ಪ್ರಯೋಗಾಲಯದ ಗಾಜಿನ ಬೀಕರುಗಳು, ಗೋಡೆಗೆ ಹಾಕಿದ ದೊಡ್ಡ ಟಿವಿ, ಗ್ರಂಥಾಲಯ. ಹೆಂಗಸು ಎಲ್ಲದಕ್ಕೂ ತಲೆಯಾಡಿಸಿದಳು. ನದಾಫ್ ಟೀಚರ್ ಅಕ್ಕುವಿಗೆ ಒಂದು ಲೆಕ್ಕ ಕೊಟ್ಟರು, ಹುಡುಗಿ ಬೋರ್ಡಿನ ಮೇಲೆ ಥಟ್ಟನೆ ಬಿಡಿಸಿದಳು. ಸುತ್ತು ಮುಗಿದು ನನ್ನ ಮುಂದೆ ಬಂದಾಗ ಹೆಂಗಸು ನಿಂತಳು.

"ಎಲ್ಲಾ ಚೊಲೊ ಐತ್ರಿ. ಹೆಣ್ಮಕ್ಕಳ ಪಾಯಖಾನಿ ತೋರಸ್ರಿ."

"ಅದನ್ನಂತೂ ನೋಡಬೇಕ್ರಿ ನೀವು," ಎಂದು ಸರ್ ಖುಷಿಯಿಂದ ಕಿಸೆಗೆ ಕೈ ಹಾಕಿ ಕೀಲಿ ತೆಗೆದರು. ನೀಲಿ ಬಾಗಿಲು ತೆರೆಯಿತು. ಟೈಲ್ಸು ಫಳಫಳ ಅನ್ನುತ್ತಿತ್ತು. "ದಿನಾ ಬಿಟ್ರ ಹೊಲಸಾಗತೈತಿ ಅಂತ ಕೀಲಿ ಹಾಕೀನ್ರಿ. ಸಾಹೇಬ್ರು ಬಂದಾಗ ಚೊಲೊ ಕಾಣಬೇಕಲ್ರಿ."

ಹೆಂಗಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಮೆಲ್ಲಗೆ ತಾನಾಗಿಯೇ ತೆರೆದುಕೊಂಡಿತು. ಮತ್ತೆ ಹಾಕಿದಳು. ಮತ್ತೆ ತೆರೆದುಕೊಂಡಿತು. ಮೂರನೆಯ ಸಲ ಒಳಗಿನಿಂದ ಕೈಯಲ್ಲೇ ಒತ್ತಿ ಹಿಡಿದು ಕೇಳಿದಳು.

"ಸರ್, ಚಿಲಕ ಎಲ್ಲೈತ್ರಿ?"

"ಹೊರಗ ಐತಲ್ರಿ. ಗಟ್ಟಿ ಐತಿ."

"ಹೊರಗಿಂದು ನಿಮಗಾತ್ರಿ. ಒಳಗ ಕುಂತಾಕಿಗೆ?"

ಕಟ್ಟಿದ ಗುತ್ತಿಗೆದಾರ, ಅಳತೆ ಹಿಡಿದ ಎಂಜಿನಿಯರು, ಸಹಿ ಹಾಕಿದ ಸಮಿತಿಯವರು, ರಿಬ್ಬನ್ ಕತ್ತರಿಸಿದ ಸಾಹೇಬರು, ಎಲ್ಲರೂ ಬಾಗಿಲನ್ನು ಹೊರಗಿನಿಂದಲೇ ನೋಡಿದ್ದರು. ಒಳಗೆ ಹೋಗಿ ಬಾಗಿಲು ಹಾಕಿ ನೋಡಿದವರು ಒಬ್ಬರೂ ಇರಲಿಲ್ಲ. ಕುಂದರಗಿ ಸರ್ ಹೆಂಗಸು ಹೊರಬಂದ ಮೇಲೆ ತಾವೇ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಅದು ನಿಧಾನಕ್ಕೆ ತೆರೆದುಕೊಂಡು, ಅಂಗಳದ ಎದುರಿಗೆ ಅವರನ್ನು ನಿಲ್ಲಿಸಿತು. ಅವರ ಮುಖ ಸಣ್ಣದಾಯಿತು.

"ನದಾಫ್ ಟೀಚರ್, ನೀವರ ಹೇಳಬಾರದೇನ್ರಿ?"

"ಕೀಲಿ ನಿಮ್ಮ ಕಿಸೆದಾಗ ಇತ್ತಲ್ರಿ ಸರ್. ಒಳಗ ಹೋಗಿದ್ರ ಹೇಳತಿದ್ದೆ. ಹಳೇದಕ್ಕರ ಒಂದ ಚಿಲಕ ಹಾಕಸ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ."

ಹೆಂಗಸು ಹಳೆಯ ಬಾಗಿಲಿನ ಕಡೆ ನೋಡುತ್ತಿದ್ದಳು. "ಸರ್, ನಾ ಇದ ಸಾಲ್ಯಾಗ ಕಲತಾಕಿ. ಎಂಟನೇತ್ತೆ ಅರ್ಧಕ್ಕ ಬಿಟ್ನಿ. ಓದೂದರಾಗ ಶ್ಯಾಣ್ಯಾಕಿ ಇದ್ನಿ. ಯಾಕ ಬಿಟ್ಟಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ರ ಹೇಳಾಕ ನನಗೂ ನಾಚಿಕಿ ಇತ್ತು. ಒಂದ ಚಿಲಕ ಇಲ್ಲದ್ದಕ್ಕ ಬಿಟ್ನಿ ಅಂತ ಹೆಂಗ ಹೇಳೂದ್ರಿ?"

ಅಯ್ಯೋ, ನನ್ನ ಇಂದ್ರವ್ವ. ದನಿ ದಪ್ಪವಾಗಿತ್ತು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಾನು ಗುರುತು ಹಿಡಿದಿರಲಿಲ್ಲ. ತುಕ್ಕು ಹಿಡಿದ ಮೈಯಲ್ಲೂ ಜುಂ ಅಂದಿತು.

ಅವಳು ಮಗಳ ಕೈ ಹಿಡಿದು ಗೇಟಿನ ಕಡೆ ತಿರುಗಿದಳು. ಅಕ್ಕುವಿನ ಕಣ್ಣು ತರಗತಿಯ ತೆರೆದ ಬಾಗಿಲಿನೊಳಗೆ, ಬೋರ್ಡಿನ ಮೇಲೆ ತಾನು ಬಿಡಿಸಿದ ಲೆಕ್ಕದ ಕಡೆಗೇ ಇತ್ತು. ಕುಂದರಗಿ ಸರ್ ಅಡ್ಡ ಬಂದರು.

"ಹೋಗಬ್ಯಾಡ್ರಿ ತಂಗೀ. ತಪ್ಪಾತು. ಈಗಿಂದೀಗ ಮಾಡತೀನಿ."

"ಆ ಖೋಲ್ಯಾಗ ಕೆಟ್ಟ ಕಂಪ್ಯೂಟರ್ ಬಿಟ್ರ ಏನೂ ಇಲ್ಲ ಸರ್," ಎಂದು ನದಾಫ್ ಟೀಚರ್ ನನ್ನ ಕಡೆ ಕೈ ಮಾಡಿದರು. "ಆ ಚಿಲಕ ಅಲ್ಲಿ ಯಾರನ್ನ ಕಾಯತೈತಿ?"

ಪ್ರಯೋಗಾಲಯದಿಂದ ಸ್ಕ್ರೂಡ್ರೈವರ್ ಬಂತು. ಸರ್ ನನ್ನ ಕಿವಿಯ ಬೀಗ ತೆಗೆದು, ಅಂಗಿಯ ತೋಳು ಮಡಚಿ, ಸ್ಕ್ರೂ ಬಿಚ್ಚಲು ತಾವೇ ನಿಂತರು. ನನ್ನ ಒಂದು ಸ್ಕ್ರೂ ತುಕ್ಕಿನಿಂದ ಮುರಿದೇಹೋಯಿತು. ಉಳಿದವುಗಳ ಜೊತೆ ನಾನು ನೀಲಿ ಬಾಗಿಲಿನ ಒಳಬದಿಗೆ ಹೋದೆ. ಆದರೆ ಸರಳು ಅಲುಗಲೊಲ್ಲದು. ಅಷ್ಟು ವರ್ಷ ಬೀಗದ ಭಾರಕ್ಕೆ ಜೋತುಬಿದ್ದು ಮೈ ಜಡ್ಡುಗಟ್ಟಿತ್ತು. ನನಗೆ ಹೆದರಿಕೆಯಾಯಿತು. ಇಷ್ಟು ದಿನ ಕಾದು, ಕರೆದಾಗ ಕೈಕೊಟ್ಟರೆ ನನ್ನ ಜನ್ಮಕ್ಕೆ ಅರ್ಥವೇನು?

"ಮಗ್ಗದ ಎಣ್ಣಿ ತಗೊಂಡ ಬಾ, ಓಡು," ಅಂದಳು ಇಂದ್ರವ್ವ. ಅಕ್ಕು ಮನೆಗೆ ಓಡಿದಳು. ಬಂದಾಗ ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಎಣ್ಣೆಯ ಡಬ್ಬಿ. ಇಂದ್ರವ್ವ ನನ್ನ ಬಳೆಗಳಿಗೆ ಎಣ್ಣೆ ಬಿಟ್ಟು, ಸೆರಗಿನಿಂದ ಒರೆಸಿ, ಹಿಂದೆ ಮುಂದೆ ಎಳೆದಳು. ಒಮ್ಮೆ ಕಿರ್ರೆಂದೆ. ಆಮೇಲೆ ಸರಾಗವಾಗಿ ಓಡಿದೆ.

"ಅಕ್ಕು, ಒಳಗ ಹೋಗಿ ಹಾಕ್ಕೊ."

ಹುಡುಗಿ ಒಳಗೆ ಬಂದಳು. ಕಿವಿಯಲ್ಲಿದ್ದ ಬೀಗದ ತೂತಿಗೆ ಬೆರಳು ತೂರಿಸಿ ಎಳೆದಳು. ಟಕ್ ಎಂದು ಹೋಗಿ ಕೂತೆ. ಹೊರಗಿನಿಂದ ಇಂದ್ರವ್ವ ಬಾಗಿಲನ್ನು ತಳ್ಳಿದಳು. ಮೊದಲು ಅಂಗೈಯಿಂದ, ಆಮೇಲೆ ಭುಜದಿಂದ, ಆಮೇಲೆ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ. ಬಾಗಿಲು ಗುಡುಗುಟ್ಟಿತು. ಉಳಿದ ಸ್ಕ್ರೂಗಳು ಮರವನ್ನು ಕಚ್ಚಿಕೊಂಡವು. ನಾನು ಹಲ್ಲು ಕಚ್ಚಿ ನಿಂತೆ. ಅಲುಗಲಿಲ್ಲ. ಒಳಗೆ ಅಕ್ಕು ಕಿಲಕಿಲ ನಕ್ಕಳು. "ಅವ್ವಾ, ನೀ ಎಷ್ಟ ನೂಕಿದ್ರೂ ತೆಗಿಯಂಗಿಲ್ಲ ಇದು," ಅಂದಳು.

ಹೊರಗೆ ತಳ್ಳುವುದು ನಿಂತಿತು. ಇಂದ್ರವ್ವ ಬಾಗಿಲಿಗೆ ಹಣೆ ಆನಿಸಿ ನಿಂತದ್ದು ಮರದ ಮೂಲಕ ನನಗೆ ಗೊತ್ತಾಯಿತು. ಉದ್ದನೆಯ ಒಂದು ಉಸಿರು ಬಿಟ್ಟಳು. ನನಗೆ ಬಹಳ ಇಷ್ಟದ ಆ ಉಸಿರೇ. ಅವಳಿಂದ ಅದನ್ನು ಕೇಳಿ ಎಷ್ಟು ಕಾಲವಾಗಿತ್ತು.

"ಚೊಲೊ ಚಿಲಕ ಐತ್ರಿ," ಅಂದಳು. "ಹೆಸರ ಹಚ್ಚಕೊಳ್ರಿ ಸರ್. ಕೀಲಿ ಮಾತ್ರ ನಿಮ್ಮ ಕಿಸೆದಾಗ ಬ್ಯಾಡ."

ಕುಂದರಗಿ ಸರ್ ನೀಲಿ ಬಾಗಿಲಿನ ಬೀಗವನ್ನು ತೆಗೆದು ಕಂಪ್ಯೂಟರ್ ಕೋಣೆಯೊಳಗೆ ಎಸೆದರು. ಮರುವಾರದಲ್ಲಿ ಹಳೆಯ ಶೌಚಾಲಯಕ್ಕೂ ಒಳಗೆ ಚಿಲಕ ಬಂತು. ಇಂದ್ರವ್ವ ಓಣಿಯಲ್ಲಿ ಏನು ಹೇಳಿದಳೋ, ಆ ವರ್ಷ ಎಂಟನೇ ತರಗತಿಗೆ ಬೆಂಚು ಸಾಲದೆ ಮುರಿದವುಗಳನ್ನು ರಿಪೇರಿ ಮಾಡಿಸಬೇಕಾಯಿತು. ಮುಂದೆ ಅಧಿಕಾರಿಯೊಬ್ಬರು ಬಂದು ಬಾಗಿಲು ತೆರೆದು, "ಏನ್ರೀ ಇದು, ಟೈಲ್ಸ್ ಮೇಲೆ ಕಲೆ?" ಅಂದರು. "ಬಳಸತಾರ್ರಿ ಸರ್, ಅದಕ್ಕ," ಅಂದರು ಕುಂದರಗಿ ಸರ್. ಆ ಉತ್ತರ ಕೇಳಿ ನನ್ನ ಹಳೆಯ ಸಿಟ್ಟೆಲ್ಲ ಇಳಿಯಿತು.

ಈಗ ನನಗೆ ವಯಸ್ಸಾಗಿದೆ. ಇಲ್ಲಿಂದ ನನ್ನನ್ನು ಇನ್ನು ಯಾರೂ ಕೀಳುವುದಿಲ್ಲ, ಕಿತ್ತರೆ ಗುಜರಿಗೇ. ಸಂಜೆ ಗಂಟೆ ಬಾರಿಸುವಾಗ ನೀರಿನ ಬಾಟಲಿಗಳು ಖಾಲಿಯಾಗಿ ಚೀಲದೊಳಗೆ ಹೋಗುವ ಸದ್ದು ಕೇಳುತ್ತದೆ. ಶಾಲೆ ಹೇಗಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಸದ್ದನ್ನೇ ತೋರಿಸುತ್ತಿದ್ದೆ. ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಅಕ್ಕು ಹತ್ತನೇ ತರಗತಿಗೆ ಬಂದಿದ್ದಾಳೆ. ನನ್ನನ್ನು ಎಳೆಯುವಾಗ ನನ್ನ ಕಡೆ ನೋಡುವುದೂ ಇಲ್ಲ, ಬೆರಳು ತಾನಾಗಿಯೇ ಆ ತೂತು ಹುಡುಕಿಕೊಳ್ಳುತ್ತದೆ. ಬಾಯಲ್ಲಿ ಮಾತ್ರ ಪ್ರಮೇಯ, ಸೂತ್ರ, ಪ್ರಶ್ನೆ, ಉತ್ತರ. ತಾಯಿಯದೇ ಚಾಳಿ, ಒಳಗೆ ಬಂದರೂ ಸುಮ್ಮನಿರುವವಳಲ್ಲ. ಓದಿಕೊಳ್ಳಲಿ. ಬಾಗಿಲು ನಾನು ಹಿಡಿದಿದ್ದೇನೆ.